ಮೊದಲು ಆ ಕಡೆ ನೋಡಿ

ದಿನಚರಿ, ವಿಳಾಸ ಇಟ್ಟುಕೊಳ್ಳುವ ಪುಟ್ಟ ಯಂತ್ರ, ಅಂದರೆ ಆರ್ಗನೈಸರ್ ಕೊಂಡವರು ಅದರ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, ಮೂಲೆಯಲ್ಲಿರುವ ಪುಟ್ಟ ವೈಫೈ ಗುರುತಿನ ಮೇಲೆ ಬೆರಳಿಡುತ್ತಾರೆ. "ನೋಡಿ ಸಾರ್, ಇಲ್ಲೇ ಬರ್ದಿದೆ. ಆದ್ರೂ ಕನೆಕ್ಟ್ ಆಗ್ತಾ ಇಲ್ಲ." ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಡಬ್ಬಿಗಳು ಎಷ್ಟೋ ಬದಲಾದವು. ಬೆರಳು ಮಾತ್ರ ಅದೇ ಜಾಗದಲ್ಲಿದೆ.

ನಾನು ಕೇಳುವುದೂ ಒಂದೇ ಪ್ರಶ್ನೆ. "ಯಾವುದಕ್ಕೆ ಕನೆಕ್ಟ್ ಆಗ್ಬೇಕು?"

"ಯಾವುದಕ್ಕೆ ಅಂದ್ರೆ? ವೈರ್‌ಲೆಸ್‌ಗೆ!"

ಇದೇ ನನ್ನ ತಲೆನೋವು. ವೈರ್‌ಲೆಸ್ ಅಂದರೆ ಗಾಳಿಯಲ್ಲಿ ತೇಲಾಡುವ ಏನೋ ಒಂದು, ಕೈಯಲ್ಲಿರುವ ಯಂತ್ರಕ್ಕೆ ಅದನ್ನು ಹಿಡಿಯಲು ಬಂದರೆ ಸಾಕು ಅಂತ ಜನ ನಂಬಿಬಿಟ್ಟಿದ್ದಾರೆ. ವೈರ್ ಇದ್ದ ಕಾಲದಲ್ಲಿ ಈ ಗೊಂದಲ ಇರಲಿಲ್ಲ. ವೈರಿಗೆ ಎರಡು ತುದಿ ಇರುವುದು ಕಣ್ಣಿಗೇ ಕಾಣುತ್ತಿತ್ತು. ಈ ತುದಿ ಇಲ್ಲಿಗೆ, ಆ ತುದಿ ಅಲ್ಲಿಗೆ, ಪಿನ್ ಕೂರದಿದ್ದರೆ ಇಲ್ಲ. ಈಗ ವೈರ್ ಹೋಗಿದೆ, ತುದಿಗಳು ಹಾಗೇ ಇವೆ. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ ಅಲ್ವಾ? ಆದರೂ ಎಲ್ಲರೂ ಈ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿ ಕೊಳ್ಳುತ್ತಾರೆ.

ಫೋನ್ ಇರುವಾಗ ಆರ್ಗನೈಸರ್ ಯಾಕೆ ಅಂತ ನಾನು ಯಾರನ್ನೂ ಕೇಳುವುದಿಲ್ಲ. ಕೇಳುವ ನೈತಿಕ ಹಕ್ಕೂ ನನಗಿಲ್ಲ. 1996ರಲ್ಲಿ ಬಂದ, ಪಾಮ್ ಕಂಪನಿಯ ಪೈಲಟ್ ಅನ್ನುವ ಆರ್ಗನೈಸರ್ ಎರಡು ಸಣ್ಣ ಸೆಲ್ ಹಾಕಿದರೆ ವಾರಗಟ್ಟಲೆ ಓಡುತ್ತಿತ್ತು. ಅದರ ಮೇಲೆ ಕಡ್ಡಿಯಿಂದ ಬರೆಯುವ ಗ್ರಾಫಿಟಿ ಅನ್ನುವ ಲಿಪಿಯಲ್ಲಿ ಇಂಗ್ಲಿಷಿನ 'ಎ' ಅಕ್ಷರಕ್ಕೆ ನಡುವಿನ ಅಡ್ಡಗೆರೆ ಇರಲಿಲ್ಲ. ಇವತ್ತಿಗೂ ಚೆಕ್ ಬರೆಯುವಾಗ ಆ ಗೆರೆ ಹಾಕಲು ನನಗೆ ಮರೆತುಹೋಗುತ್ತದೆ. ಅಂಥ ಹಳೆಯದನ್ನು ಆಸೆಯಿಂದ ಹುಡುಕಿ ತರುವವರು ಈಗಲೂ ಇದ್ದಾರೆ. ಕಾಗದದಂತೆ ಕಾಣುವ ಪರದೆಯ ಮೇಲೆ ಪೆನ್ನಿನಲ್ಲಿ ಬರೆಯುವ ಇ-ಇಂಕ್ ನೋಟ್‌ಬುಕ್ ತರುವವರಿದ್ದಾರೆ. ಸಿಮ್ ಇಲ್ಲದ ಪುಟ್ಟ ಆಂಡ್ರಾಯ್ಡ್ ಸಾಧನ ಇಟ್ಟುಕೊಂಡು, "ಇದು ರಿಂಗ್ ಆಗಲ್ಲ ನೋಡಿ, ಅದಕ್ಕೇ" ಅನ್ನುವವರೂ ಇದ್ದಾರೆ. ಎಲ್ಲರಿಗೂ ಬೇಕಾಗಿರುವುದು ಒಂದೇ. ದಿನಚರಿ, ವಿಳಾಸ, ನಾಲ್ಕು ಟಿಪ್ಪಣಿ, ಇಷ್ಟು ಜೇಬಿನಲ್ಲಿರಬೇಕು, ಮನೆಯ ಕಂಪ್ಯೂಟರಿನಲ್ಲೂ ಅದೇ ಕಾಣಬೇಕು.

ಪರದೆ ಎಷ್ಟಿರಬೇಕು, ತೂಕ ಎಷ್ಟು, ಪೆನ್ನು ಹೇಗಿರಬೇಕು, ಇದಕ್ಕೆಲ್ಲ ನನ್ನನ್ನು ಕೇಳಬೇಡಿ. ಹತ್ತು ನಿಮಿಷ ಹಿಡಿದು ಬರೆದರೆ ನಿಮ್ಮ ಕೈಗೇ ಗೊತ್ತಾಗುತ್ತದೆ. ಹಳೆಯ ಪಾಕೆಟ್ ಪಿಸಿ, ಅಂದರೆ ವಿಂಡೋಸ್ ಇರುವ ಜೇಬಿನ ಯಂತ್ರ ಕೊಳ್ಳುವವರಿಗೆ ಮಾತ್ರ ಒಂದು ಮಾತು. 2005ರಲ್ಲಿ ವಿಂಡೋಸ್ ಮೊಬೈಲ್ 5 ಬರುವವರೆಗೆ ಆ ಯಂತ್ರಗಳು ನೀವು ಬರೆದದ್ದನ್ನು, ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತಿದ್ದವು. ಬ್ಯಾಟರಿ ಪೂರ್ತಿ ಇಳಿದರೆ ವಿಳಾಸಗಳೂ ಹೋದವು ಅಂತಲೇ ಲೆಕ್ಕ.

ಈಗ ಆ ಕಡೆಯ ವಿಷಯಕ್ಕೆ ಬರೋಣ. ಕೊಳ್ಳುವ ಮೊದಲು ಒಂದು ಚೀಟಿ ತೆಗೆದುಕೊಂಡು, ನಿಮ್ಮ ಕ್ಯಾಲೆಂಡರ್ ಈಗ ಎಲ್ಲಿದೆ ಅಂತ ಬರೆಯಿರಿ. "ಫೋನಿನಲ್ಲಿ" ಅಂತ ಬರೆದರೆ ಸಾಲದು. ಫೋನ್ ಬರೀ ಕಿಟಕಿ. ಅದರ ಹಿಂದೆ ಯಾವುದೋ ಅಕೌಂಟ್ ಇದೆ, ಅದು ಯಾರದ್ದು? ಗೂಗಲ್‌ನದ್ದಾ, ಆಪಲ್‌ನದ್ದಾ, ನಿಮ್ಮ ಆಫೀಸಿನದ್ದಾ? ಇದನ್ನು ಬರೆಯಲು ಹತ್ತರಲ್ಲಿ ಎಂಟು ಜನಕ್ಕೆ ಆಗುವುದಿಲ್ಲ. ಅವರ ಫೋನ್ ತೆಗೆದುಕೊಂಡು ಸೆಟ್ಟಿಂಗ್ಸ್ ತೋರಿಸಿದರೆ, "ಓ, ಇದು ಇಲ್ಲಿಗೆ ಹೋಗ್ತಾ ಇತ್ತಾ!" ಅನ್ನುತ್ತಾರೆ. ಒಬ್ಬರ ಅರ್ಧ ವಿಳಾಸಗಳು ಹಿಂದಿನ ಕೆಲಸದ ಅಕೌಂಟಿನಲ್ಲಿದ್ದವು. ಅವರು ಆ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು.

ಅಕೌಂಟ್ ಗೊತ್ತಾದ ಮೇಲೆ, ಹೊಸ ಯಂತ್ರಕ್ಕೆ ಆ ಅಕೌಂಟಿನ ಜೊತೆ ಮಾತಾಡಲು ಬರುತ್ತದೆಯೇ ಅಂತ ನೋಡಿ. ಹೀಗೆ ಮಾತಾಡಲು ಕ್ಯಾಲೆಂಡರಿಗೆ ಕ್ಯಾಲ್‌ಡಾವ್, ವಿಳಾಸಕ್ಕೆ ಕಾರ್ಡ್‌ಡಾವ್ ಎಂಬ ಪದ್ಧತಿಗಳಿವೆ. ಈ ಎರಡು ಪದ ವಿವರಣೆಯ ಹಾಳೆಯಲ್ಲಿ ಕಂಡರೆ ಅರ್ಧ ನೆಮ್ಮದಿ. ಕಾಣದಿದ್ದರೆ ಕೇಳಿ. ವೈಫೈ ಇದೆ, ಕ್ಯಾಲೆಂಡರ್ ಇದೆ ಅಂತ ಬೇರೆ ಬೇರೆ ಬರೆದಿದ್ದರೆ ಆ ಎರಡಕ್ಕೂ ಸಂಬಂಧ ಇದೆ ಅಂತೇನಲ್ಲ.

ಒಬ್ಬರು ಡಾಕ್ಟರು, ತುಂಬಾ ಒಳ್ಳೆಯವರು, ಇದೇ ರೀತಿ ಇ-ಇಂಕ್ ನೋಟ್‌ಬುಕ್ ತಂದರು. ರೋಗಿಗಳ ಅಪಾಯಿಂಟ್‌ಮೆಂಟ್ ಎಲ್ಲ ಇದರಲ್ಲಿ ತಾನಾಗೇ ಬರಲಿ ಅಂತ ಅವರ ಆಸೆ. ತೆರೆದು ನೋಡಿದರೆ ಅದರ ಕ್ಯಾಲೆಂಡರ್ ಅಂದರೆ ಚೌಕ ಎಳೆದ ಹಾಳೆ, ಅಷ್ಟೇ. ಚೆಂದದ ಹಾಳೆ. ತಿಂಗಳ ಹೆಸರು ಕೂಡ ಇತ್ತು. ವೈಫೈ ಇದ್ದದ್ದು ನೀವು ಬರೆದ ಪುಟಗಳನ್ನು ಆ ಕಂಪನಿಯ ಕ್ಲೌಡಿಗೆ ಕಳಿಸಲು. ಎರಡೂ ಸುಳ್ಳಲ್ಲ, ಎರಡೂ ಕೆಲಸ ಮಾಡುತ್ತಿದ್ದವು. ಒಂದಕ್ಕೊಂದು ಪರಿಚಯ ಇರಲಿಲ್ಲ. ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನನ್ನ ಹೆಂಡ್ತಿಗೆ ಹೇಳ್ಬೇಡಿ" ಅಂದರು.

ಹತ್ತಿರದ ತುದಿ ರೂಟರ್, ಮನೆಯಲ್ಲಿ ವೈಫೈ ಹಂಚುವ ಡಬ್ಬಿ. ವೈಫೈ ಮುಖ್ಯವಾಗಿ 2.4, 5 ಗಿಗಾಹರ್ಟ್ಸ್ ಅನ್ನುವ ರೇಡಿಯೊ ಅಲೆಗಳಲ್ಲಿ ಓಡಾಡುತ್ತದೆ. ಪುಟ್ಟ ಸಾಧನಗಳಲ್ಲಿ ಎಷ್ಟೋ 2.4 ಮಾತ್ರ ಕೇಳಿಸಿಕೊಳ್ಳುತ್ತವೆ. ನಿಮ್ಮ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಹೆಸರು ಕೂಗುತ್ತಿದ್ದರೆ ಪಟ್ಟಿಯಲ್ಲಿ ಆ ಹೆಸರೇ ಬರುವುದಿಲ್ಲ. ಪಕ್ಕದ ಮನೆಯದ್ದೆಲ್ಲ ಕಾಣುತ್ತದೆ, ನಮ್ಮದು ಮಾತ್ರ ಇಲ್ಲ ಅಂತ ಹೇಳಿದರೆ ನನ್ನ ಮೊದಲ ಅನುಮಾನ ಇದೇ. ಐಫೋನ್ 12 ಅಥವಾ ಅದಕ್ಕಿಂತ ಹೊಸದರ ಹಾಟ್‌ಸ್ಪಾಟ್ ಕಾಣದಿದ್ದರೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಅನ್ನುವುದನ್ನು ಆನ್ ಮಾಡಿ, ಅದು 2.4ಕ್ಕೆ ಇಳಿಯುತ್ತದೆ. ಇನ್ನೊಂದು ವಿಚಿತ್ರ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಸಾಧನಗಳು 2.4ರೊಳಗಿನ ಚಾನೆಲ್‌ಗಳಲ್ಲಿ ಸಾಮಾನ್ಯವಾಗಿ 11ನೆಯದರವರೆಗೆ ಮಾತ್ರ ನೋಡುತ್ತವೆ. ಬೇರೆ ಕಡೆಯ ರೂಟರ್ 12 ಅಥವಾ 13ರಲ್ಲಿ ಕೂತಿದ್ದರೆ ಅವಕ್ಕೆ ಕಾಣದೇ ಇರಬಹುದು. ಅಪರೂಪ, ಆದರೆ ಸಿಕ್ಕಿದಾಗ ಅರ್ಧ ದಿನ ತಿನ್ನುತ್ತದೆ.

ಹಳೆಯ ಯಂತ್ರದವರಿಗೆ ಬೀಗದ ತೊಂದರೆಯೂ ಇದೆ. ಬೇರೆಯವರು ಒಳಗೆ ನುಗ್ಗದಂತೆ ವೈಫೈಗೆ ಹಾಕುವ ಬೀಗಗಳಲ್ಲಿ, ಶುರುವಿನಲ್ಲಿ ಬಂದದ್ದು ವೆಪ್. ಅದನ್ನು ಮುರಿಯುವ ದಾರಿ 2001ರಲ್ಲೇ ಹೊರಬಿತ್ತು. 2003ರಲ್ಲಿ ಡಬ್ಲ್ಯುಪಿಎ, ಮರುವರ್ಷ ಡಬ್ಲ್ಯುಪಿಎ2 ಬಂತು. ಅದಕ್ಕೂ ಮೊದಲಿನ ಯಂತ್ರಕ್ಕೆ ಹೊಸ ಬೀಗ ಗೊತ್ತೇ ಇಲ್ಲದಿರಬಹುದು. ಪಾಸ್‌ವರ್ಡ್ ಸರಿಯಾಗೇ ಹಾಕುತ್ತೀರಿ, ಆದರೂ ಆಗುವುದಿಲ್ಲ. ಆಗ ಕೆಲವರು ರೂಟರನ್ನೇ ವೆಪ್‌ಗೆ ಇಳಿಸಿಬಿಡುತ್ತಾರೆ. ದಯವಿಟ್ಟು ಬೇಡ. ಒಂದು ಆಟಿಕೆಗಾಗಿ ಇಡೀ ಮನೆಯ ಬಾಗಿಲು ತೆಗೆದಿಡುವುದು ಯಾಕೆ?

ಸರಿ, ರೂಟರ್ ಸಿಕ್ಕಿತು, ಗೆರೆಗಳೆಲ್ಲ ತುಂಬಿದವು. "ಫುಲ್ ಸಿಗ್ನಲ್ ಇದೆ ಸಾರ್, ಏನೂ ಬರ್ತಿಲ್ಲ." ಆ ಗೆರೆಗಳು ಹೇಳುವುದು ನಿಮ್ಮಿಂದ ರೂಟರಿನವರೆಗಿನ ಕಥೆ ಮಾತ್ರ. ರೂಟರಿನ ಆಚೆ ಏನಾಗಿದೆ ಅನ್ನುವುದು ಅವಕ್ಕೆ ಗೊತ್ತಿಲ್ಲ. ನೆಟ್‌ವರ್ಕ್ ವಿವರ ತೆರೆದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ನಿಮ್ಮ ಸಾಧನದ ಮನೆ ನಂಬರ್ ನೋಡಿ. ಅದು 169.254 ಅಂತ ಶುರುವಾಗಿದ್ದರೆ, ರೂಟರ್ ನಿಮ್ಮ ಸಾಧನಕ್ಕೆ ವಿಳಾಸ ಕೊಟ್ಟೇ ಇಲ್ಲ. ಪಾಪ, ಅದು ತಾನೇ ಒಂದು ಮಾಡಿಕೊಂಡು ಕೂತಿದೆ. ಹೋಟೆಲು, ನಿಲ್ದಾಣಗಳ ವೈಫೈಯಲ್ಲಿ ಇನ್ನೊಂದು ಗೋಳು. ಅಲ್ಲಿ ಮೊದಲು ಒಂದು ಲಾಗಿನ್ ಪುಟ ಬರುತ್ತದೆ. ಬ್ರೌಸರೇ ಇಲ್ಲದ ನೋಟ್‌ಬುಕ್ ಆ ಪುಟವನ್ನು ಎಲ್ಲಿ ತೋರಿಸಬೇಕು? ಪ್ರಯಾಣಕ್ಕೆಂದೇ ಕೊಳ್ಳುವವರು ಇದನ್ನು ಮೊದಲೇ ಕೇಳಿಕೊಳ್ಳಬೇಕು. ಯಾರೂ ಕೇಳುವುದಿಲ್ಲ.

ಬ್ಲೂಟೂತ್ ಇದ್ದರೆ ಫೋನಿನಿಂದ ನೆಟ್ ತೆಗೆದುಕೊಳ್ಳಬಹುದಲ್ವಾ ಅನ್ನುತ್ತಾರೆ. ಆಗಬಹುದು, ಆಗದೆಯೂ ಇರಬಹುದು. ಪೇರ್ ಆಯಿತು ಅಂದರೆ ಇಬ್ಬರಿಗೂ ಪರಿಚಯವಾಯಿತು, ಅಷ್ಟೇ. ಬ್ಲೂಟೂತ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಪ್ರೊಫೈಲ್ ಇರುತ್ತದೆ. ಹಳೆಯ ಪಿಡಿಎಗಳು, ಅಂದರೆ ಪೈಲಟ್‌ನಂಥ ಆರ್ಗನೈಸರ್‌ಗಳು, ಫೋನನ್ನು ಮೋಡೆಮ್ ಅಂದುಕೊಂಡು ಡಯಲ್ ಮಾಡುತ್ತಿದ್ದವು, ಅದಕ್ಕೆ ಡಿಯುಎನ್ ಅಂತ ಹೆಸರು. ಈಗಿನ ಫೋನ್‌ಗಳು ನೆಟ್ ಹಂಚುವುದು ಪ್ಯಾನ್ ಅನ್ನುವ ಬೇರೆ ದಾರಿಯಲ್ಲಿ. ಪಿಡಿಎ ಡಯಲ್ ಮಾಡುತ್ತಲೇ ಇರುತ್ತದೆ, ಎತ್ತುವವರು ಯಾರೂ ಇರುವುದಿಲ್ಲ. ಫೈಲ್ ಕಳಿಸುವುದೂ ಹಾಗೇ. ಬ್ಲೂಟೂತ್ ಮೇಲೆ ಸುಮ್ನೆ ಒಂದು ಫೈಲ್ ತಳ್ಳಿದರೆ ಐಫೋನ್ ತೆಗೆದುಕೊಳ್ಳುವುದಿಲ್ಲ. ಕೆಟ್ಟಿರುವುದು ಏನೂ ಇಲ್ಲ. ಅದು ಆ ಕೆಲಸ ಕಲಿತೇ ಇಲ್ಲ.

ತೀರಾ ದೂರದ ತುದಿ ಸರ್ವರ್, ನಿಮ್ಮ ಅಕೌಂಟ್ ಕೂತಿರುವ ಕಂಪನಿಯ ಕಂಪ್ಯೂಟರ್. ಅದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ. ಜನಪ್ರಿಯ ಬ್ರೌಸರ್‌ಗಳು 2020ರ ಹೊತ್ತಿಗೆ ಸರ್ವರ್ ಜೊತೆಗಿನ ಮಾತನ್ನು ಗುಟ್ಟಾಗಿಡುವ ಟಿಎಲ್‌ಎಸ್ ಪದ್ಧತಿಯ ಹಳೆಯ 1.0, 1.1 ಆವೃತ್ತಿಗಳನ್ನು ಕೈಬಿಟ್ಟವು. ಈಗ ಎಷ್ಟೋ ಸರ್ವರ್‌ಗಳು 1.2ಕ್ಕಿಂತ ಕೆಳಗಿನವರಿಗೆ ಬಾಗಿಲು ತೆಗೆಯುವುದಿಲ್ಲ. ಹಳೆಯ ಪಿಡಿಎ ವೈಫೈಗೆ ಸೇರಿದರೂ ಮೇಲ್ ತರದಿರುವುದು ಇದಕ್ಕೇ. ಸರ್ವರೇ ಮುಚ್ಚಿಹೋಗುವುದೂ ಉಂಟು. ಪಾಮ್ ಮತ್ತು ಎಚ್‌ಪಿ ಕಂಪನಿಗಳ ವೆಬ್‌ಓಎಸ್ ಫೋನ್, ಟ್ಯಾಬ್ಲೆಟ್‌ಗಳ ಕ್ಲೌಡ್ ಸೇವೆ 2015ರ ಜನವರಿಯಲ್ಲಿ ನಿಂತಿತು. ಯಂತ್ರಗಳು ಚೆನ್ನಾಗೇ ಇದ್ದವು, ಬ್ಯಾಕಪ್ ಹೋಗಲು ಜಾಗ ಇರಲಿಲ್ಲ. ಒಂದೇ ಕಂಪನಿಯ ಕ್ಲೌಡಿಗೆ ಮಾತ್ರ ಮಾತಾಡುವ ಸಾಧನವನ್ನು ಕೊಳ್ಳಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಕೊಂಡರೆ, ನಿಮ್ಮ ಬರಹವನ್ನು ಮಾಮೂಲಿ ಫೈಲಾಗಿ ಕಂಪ್ಯೂಟರಿಗೆ ತೆಗೆದುಕೊಳ್ಳಲು ಬರುತ್ತದೆಯೇ ಅಂತ ಮೊದಲ ದಿನವೇ ಮಾಡಿ ನೋಡಿ.

ಇಷ್ಟೆಲ್ಲ ಹೇಳುವ ನಾನೇ ಒಂದು ಸಲ ಮಕಾಡೆ ಬಿದ್ದಿದ್ದೇನೆ. ರಿಟೈರ್ ಆದ ಒಬ್ಬ ಮೇಷ್ಟ್ರು ಮೊಮ್ಮಗಳ ಜೊತೆ ಬಂದಿದ್ದರು. ಸಿಮ್ ಇಲ್ಲದ ಪುಟ್ಟ ಆಂಡ್ರಾಯ್ಡ್, ಒಂದು ವರ್ಷ ಬೀರುವಿನಲ್ಲಿತ್ತಂತೆ. ರೂಟರ್ ಸರಿ, ಐಪಿ ವಿಳಾಸ ಸರಿ, ಅಕೌಂಟ್ ಸರಿ. ಸಿಂಕ್, ಅಂದರೆ ಅಕೌಂಟಿನಲ್ಲಿರುವುದನ್ನು ಯಂತ್ರಕ್ಕೆ ತರುವುದು ಮಾತ್ರ ಒಲ್ಲೆ ಅಂತಿತ್ತು. ರೂಟರ್ ಆಫ್ ಮಾಡಿ ಆನ್ ಮಾಡಿದೆ. ಬೇರೆ ಹಾಟ್‌ಸ್ಪಾಟ್ ಕೊಟ್ಟೆ. ಅಕೌಂಟ್ ಅಳಿಸಿ ಮತ್ತೆ ಹಾಕಿದೆ. ಎರಡು ಗಂಟೆ ಹೋಯಿತು. ಮೇಷ್ಟ್ರು ತೂಕಡಿಸುತ್ತಿದ್ದರು. ಹುಡುಗಿ ಬೇಜಾರಾಗಿ ಅದನ್ನು ಎತ್ತಿಕೊಂಡು ಕ್ಯಾಲೆಂಡರ್ ತೆರೆದಳು.

"ತಾತ, ಇದ್ರ ಪ್ರಕಾರ ನೀವಿನ್ನೂ ಸ್ಕೂಲಿಗೆ ಹೋಗ್ತಿದ್ದೀರ."

ನೋಡಿದರೆ 1970ರ ಜನವರಿ. ಈ ಜಾತಿಯ ಯಂತ್ರಗಳು ಕಾಲವನ್ನು ಎಣಿಸುವುದೇ 1970ರ ಜನವರಿ 1ರಿಂದ. ಬ್ಯಾಟರಿ ಪೂರ್ತಿ ಸತ್ತು ಗಡಿಯಾರ ಸೊನ್ನೆಗೆ ಹೋಗಿತ್ತು, ಸಮಯವನ್ನು ತಾನಾಗೇ ತೆಗೆದುಕೊಳ್ಳುವ ಸೆಟ್ಟಿಂಗನ್ನು ಯಾರೋ ಆಫ್ ಮಾಡಿದ್ದರು. ಸರ್ವರ್ ತಾನು ಯಾರು ಅಂತ ಹೇಳಲು ತನ್ನ ಸರ್ಟಿಫಿಕೇಟ್ ತೋರಿಸುತ್ತದೆ, ಅದರಲ್ಲಿ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಇರುತ್ತದೆ. 1970ರಲ್ಲಿ ಕೂತ ಯಂತ್ರಕ್ಕೆ ಆ ದಿನ ಇನ್ನೂ ಬಂದೇ ಇಲ್ಲ, ಅದಕ್ಕೇ ನಂಬಲಿಲ್ಲ. ಆ ಕಡೆ ನೋಡಿ, ಆ ಕಡೆ ನೋಡಿ ಅಂತ ಊರಿಗೆಲ್ಲ ಹೇಳುವವನು ಈ ಕಡೆ ನೋಡಿರಲಿಲ್ಲ.

ತಾರೀಕು ಸರಿ ಮಾಡಿದೆ. ಒಂದು ನಿಮಿಷದೊಳಗೆ ಮೇಷ್ಟ್ರ ಕ್ಯಾಲೆಂಡರ್ ತುಂಬಿತು. ಅವರು ಎದ್ದು ಕನ್ನಡಕ ಹಾಕಿಕೊಂಡು, "ಎಷ್ಟಾಯ್ತಪ್ಪ?" ಅಂದರು. ದುಡ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು.