ತಲಾಸೊಕ್ನಸ್: ಕಡಲಿಗಿಳಿದ ನೆಲ ಸ್ಲಾತ್‌ನ ಮೂಳೆಗಳೇಕೆ ಅಷ್ಟು ಭಾರ?

ನೆಲ ಸ್ಲಾತ್ (ಮರದಲ್ಲಿ ಜೋತಾಡುವ ಇಂದಿನ ಸ್ಲಾತ್‌ಗಳ, ನೆಲದ ಮೇಲೆ ಬದುಕಿದ್ದ ಅಳಿದ ಬಂಧು) ಎಂದರೆ ಆನೆ ಗಾತ್ರದ ಮೆಗಾಥೀರಿಯಂ ಎಂದು ಓದಿ ಮುಗಿಸುವವರೇ ಹೆಚ್ಚು. ನನಗೆ ಅದಕ್ಕಿಂತ ಸ್ವಾರಸ್ಯವಾಗಿ ಕಂಡದ್ದು ಅಳಿದುಹೋದ ತಲಾಸೊಕ್ನಸ್ ಕುಲ. ಪೆರುವಿನ ಕರಾವಳಿಯ ಪಿಸ್ಕೊ ಶಿಲಾಸ್ತರಗಳಲ್ಲಿ ಸಿಕ್ಕ ಇದನ್ನು 1995ರಲ್ಲಿ ಪಳೆಯುಳಿಕೆ ವಿಜ್ಞಾನಿಗಳಾದ ಮ್ಯುಜೋ ಮತ್ತು ಮೆಕ್‌ಡೊನಾಲ್ಡ್ ವಿವರಿಸಿದರು. ಕಾಲ: ಮಯೋಸೀನ್ ಕೊನೆಯಿಂದ ಪ್ಲಯೋಸೀನ್, ಅಂದರೆ ಹಲವು ದಶಲಕ್ಷ ವರ್ಷಗಳ ಹಿಂದೆ. ಐದು ಪ್ರಭೇದಗಳು, ಹಳೆಯದರಿಂದ ಹೊಸದಕ್ಕೆ: ಆಂಟಿಕ್ವಸ್, ನ್ಯಾಟನ್ಸ್, ಲಿಟೊರಾಲಿಸ್, ಕರೊಲೊಮಾರ್ಟಿನಿ, ಯೌಸೆನ್ಸಿಸ್. ಈ ಸರಣಿಯನ್ನು ಬಾಯಿಪಾಠ ಮಾಡಿಕೊಳ್ಳಿ, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಆಗಲೂ ಆ ಕರಾವಳಿ ಮರುಭೂಮಿ. ಮೇವು ಇದ್ದದ್ದು ನೀರಿನೊಳಗೆ, ಕಡಲಹುಲ್ಲಿನ ರೂಪದಲ್ಲಿ.

ಈಗ ತೊಡಕಿನ ಜಾಗ. ಸರಣಿಯಲ್ಲಿ ಮುಂದೆ ಹೋದಂತೆ ಮೂಳೆಗಳು ದಪ್ಪವಾಗುತ್ತವೆ, ಒಳಗಿನ ಟೊಳ್ಳೂ ತುಂಬಿಕೊಳ್ಳುತ್ತದೆ. ಇವು ಎರಡು ಬೇರೆ ಬದಲಾವಣೆಗಳು: ಒಂದು ಹೊರಗಿನ ಗಾತ್ರದ್ದು, ಇನ್ನೊಂದು ಒಳಗಿನ ಸಾಂದ್ರತೆಯದು. ಆದರೆ ಈಜುವ ಪ್ರಾಣಿಗೆ ಹಗುರವಾದ ಮೈಯಲ್ಲವೇ ಅನುಕೂಲ? ತಿಮಿಂಗಿಲಗಳ ಮೂಳೆ ಸ್ಪಂಜಿನಂತೆ ಹಗುರವಾಗಿದೆಯಲ್ಲ?

ಉತ್ತರ ಶ್ವಾಸಕೋಶದಲ್ಲಿದೆ. ಬಾಯಿ ಬಿಗಿದ ಖಾಲಿ ಕೊಡವನ್ನು ಬಾವಿಯ ನೀರಿಗೆ ಒತ್ತಿ ನೋಡಿ, ಕೈ ಬಿಟ್ಟೊಡನೆ ಮೇಲೆ ಬರುತ್ತದೆ. ಉಸಿರೆಳೆದುಕೊಂಡು ಮುಳುಗಿದ ಪ್ರಾಣಿಯ ಕಥೆಯೂ ಅದೇ. ಆಳಕ್ಕೆ ಹೋಗುವ ತಿಮಿಂಗಿಲದಲ್ಲಿ ನೀರಿನ ಒತ್ತಡವೇ ಆ ಗಾಳಿಯನ್ನು ಕುಗ್ಗಿಸಿ ಮೇಲೆತ್ತುವ ಬಲವನ್ನು ತಗ್ಗಿಸುತ್ತದೆ. ಕೆಲವೇ ಮೀಟರ್ ಆಳದಲ್ಲಿ ಮೇಯುವ ಪ್ರಾಣಿಗೆ ಆ ನೆರವು ಸಾಲದು. ತಳದಲ್ಲಿ ನಿಲ್ಲಲು ಸ್ನಾಯುಗಳು ಸತತ ದುಡಿಯಬೇಕು, ಇಲ್ಲವೇ ಮೈಯಲ್ಲೇ ಭಾರವಿರಬೇಕು. ಭಾರ ಹೆಚ್ಚಿದರೆ ವೇಗ ಕುಗ್ಗುತ್ತದೆ, ನಿಜ. ಆದರೆ ಬೇಟೆಯನ್ನು ಅಟ್ಟಿಸಿಕೊಂಡು ಹೋಗಬೇಕಿಲ್ಲದ ಸಸ್ಯಾಹಾರಿಗೆ ಅದು ದೊಡ್ಡ ನಷ್ಟವಲ್ಲ. ನೀರಿನಲ್ಲೇ ಬದುಕಿ ಹುಲ್ಲು ಮೇಯುವ ದೊಡ್ಡ ಸಸ್ತನಿಗಳಾದ ಮ್ಯಾನಟೀಗಳ ಮೂಳೆಯೂ ಹೀಗೆಯೇ ಗಟ್ಟಿ. ಹಾಗಾಗಿ ‘ಜಲಚರವೇ?’ ಎಂದು ಕೇಳಿಕೊಂಡು ಉತ್ತರ ಹುಡುಕಬೇಡಿ. ‘ಎಷ್ಟು ಆಳ, ಎಷ್ಟು ವೇಗ?’ ಎಂದು ಕೇಳಿಕೊಳ್ಳಿ.

ಹಲ್ಲಿನ ಬಗ್ಗೆ ಎರಡು ಮಾತು. ಹಳೆಯ ಪ್ರಭೇದಗಳ ಹಲ್ಲಿನಲ್ಲಿ ಮರಳು ಉಜ್ಜಿದ ಗೀರುಗಳು ಹೆಚ್ಚು, ಹೊಸವುಗಳಲ್ಲಿ ಕಡಿಮೆ. ಅಲೆ ಮರಳೆಬ್ಬಿಸುವ ದಡದಂಚನ್ನು ಬಿಟ್ಟು ಇವು ಇನ್ನಷ್ಟು ಒಳಗೆ ಮೇಯತೊಡಗಿದವು ಎಂದು ಇದರಿಂದ ಊಹಿಸುತ್ತಾರೆ. ಮೂಳೆಯ ಸಾಕ್ಷ್ಯವೂ ಹಲ್ಲಿನ ಸಾಕ್ಷ್ಯವೂ ಒಂದೇ ದಿಕ್ಕಿಗೆ ಬೊಟ್ಟು ಮಾಡುವುದರಿಂದಲೇ ಈ ವಾದಕ್ಕೆ ಬಲ.

ಅಳಿವಿಗೆ ಕೊಡುವ ವಿವರಣೆ: ಎರಡು ಅಮೆರಿಕಗಳನ್ನು ಜೋಡಿಸುವ ಕಿರಿದಾದ ನೆಲಪಟ್ಟಿಯಾದ ಪನಾಮಾ ಭೂಸಂಧಿ ಎದ್ದು ಎರಡು ಸಾಗರಗಳು ಬೇರ್ಪಟ್ಟವು, ಪೆರುವಿನ ಕರಾವಳಿಯ ನೀರು ತಣ್ಣಗಾಯಿತು, ಕಡಲಹುಲ್ಲು ಹೋಯಿತು.