ಸಿಡುಕು ಡಾಕ್ಟರಿಗೆ ಯಾರೂ ನಿಜ ಹೇಳಲ್ಲ

ಡ್ಯೂಟಿ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು, ಮತ್ತೆ ಟಿವಿಯಲ್ಲಿ ಆಸ್ಪತ್ರೆಯನ್ನೇ ನೋಡುತ್ತಾ ಕೂರುವ ಚಟ ನನಗಿದೆ. "ಬೆಳಗ್ಗೆಯಿಂದ ನೋಡಿದ್ದು ಸಾಲದಾ?" ಅಂತ ಹೆಂಡತಿ ಕೇಳುತ್ತಾಳೆ. ಸಾಲದು. ಟಿವಿಯ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಿಗೆ ವಾರಕ್ಕೆ ಒಂದೇ ಪೇಷೆಂಟು. ಆ ಒಬ್ಬರ ಬಗ್ಗೆ ಯೋಚಿಸುವುದಕ್ಕೆ ಕೈಕೆಳಗೆ ಇನ್ನೂ ಮೂರು ಜನ ಡಾಕ್ಟರು. ಹೊಟ್ಟೆಕಿಚ್ಚಾಗದೆ ಇರುತ್ತಾ?

ನನ್ನ ಪೇಷೆಂಟುಗಳೂ ಇವನ್ನೆಲ್ಲ ನೋಡುತ್ತಾರೆ. ತಿಂಗಳುಗಟ್ಟಲೆ ಜ್ವರದಿಂದ ನರಳಿದ ಒಬ್ಬರ ಮಗಳು ಒಮ್ಮೆ ಫೈಲು ಮೇಜಿನ ಮೇಲಿಟ್ಟು ಹೇಳಿದರು: "ಸಾರ್, ಟಿವಿಯಲ್ಲಿ ಬರೋ ಆ ಹೌಸ್ ತರದ ಡಾಕ್ಟರ್ ಯಾರಾದ್ರೂ ಗೊತ್ತಿದ್ರೆ ಹೇಳಿ. ಬೈದ್ರೂ ಪರವಾಗಿಲ್ಲ, ಏನಾಗಿದೆ ಅಂತ ಕಂಡುಹಿಡಿದ್ರೆ ಸಾಕು." ಎದುರಿಗೆ ಕೂತಿದ್ದ ನನಗೆ ಸ್ವಲ್ಪ ಚುಚ್ಚಿತು, ಬಿಡಿ. ಆದರೆ ಆ "ಬೈದ್ರೂ ಪರವಾಗಿಲ್ಲ" ಅನ್ನುವ ಮಾತು ತಲೆಯಲ್ಲೇ ಉಳಿಯಿತು. ಚೆನ್ನಾಗಿ ಗೊತ್ತಿರುವವನು ಬಯ್ಯುತ್ತಾನೆ, ಬಯ್ಯುವವನಿಗೆ ಚೆನ್ನಾಗಿ ಗೊತ್ತಿರುತ್ತದೆ ಅಂತ ನಾವು ಯಾವಾಗ ಒಪ್ಪಿಕೊಂಡೆವು?

ಟಿವಿ ಮಟ್ಟಿಗೆ ಹೇಳುವುದಾದರೆ ಇದು ಹಳೇ ಕಥೆ. ಅಮೆರಿಕದಲ್ಲಿ 1961ರಲ್ಲೇ ಎರಡು ಡಾಕ್ಟರ್ ಸೀರಿಯಲ್‌ಗಳು ಒಟ್ಟಿಗೆ ಶುರುವಾದವು. ಡಾ. ಕಿಲ್ಡೇರ್ ಮೃದು ಮಾತಿನ ಚೆಲುವ. ಬೆನ್ ಕೇಸಿ ಗಂಟುಮೋರೆಯ ಸರ್ಜನ್. ಇಬ್ಬರಿಗೂ ಅಭಿಮಾನಿಗಳಿದ್ದರು. ಆದರೆ ಸಿಡುಕನ್ನೇ ಕಥೆಯ ನಡುಮನೆಗೆ ತಂದು ಕೂರಿಸಿದ್ದು ಅಮೆರಿಕದ ಹೌಸ್ ಸೀರಿಯಲ್‌ನ ಡಾ. ಗ್ರೆಗರಿ ಹೌಸ್. 2004ರ ನವೆಂಬರಿನಿಂದ 2012ರ ಮೇವರೆಗೆ 8 ಸೀಸನ್, 177 ಎಪಿಸೋಡ್. ಪಾತ್ರ ಮಾಡಿದ ಹ್ಯೂ ಲಾರಿ ಇಂಗ್ಲೆಂಡಿನವರು, ಆಡಿದ್ದು ಅಮೆರಿಕದ ಇಂಗ್ಲಿಷು. ರಕ್ತ ಹೆಪ್ಪುಗಟ್ಟಿ ತೊಡೆಯ ಮಾಂಸಖಂಡ ಸತ್ತುಹೋಗಿ ಕುಂಟುವ ಡಾಕ್ಟರು, ನೋವಿನ ಮಾತ್ರೆಯ ದಾಸ. ಕುಂಟುವ ಬಲಗಾಲಿಗೆ ಬಲಗೈಯಲ್ಲೇ ಕೋಲು ಹಿಡಿಯುತ್ತಾನೆ. ನಾವು ಪೇಷೆಂಟುಗಳಿಗೆ ಹೇಳಿಕೊಡುವುದು ಇದಕ್ಕೆ ಉಲ್ಟಾ, ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಿರಿ ಅಂತ. ಇಂಥದ್ದು ಕಂಡಾಗಲೆಲ್ಲ ನಾನು ಟಿವಿ ಜೊತೆ ಜಗಳಕ್ಕೆ ನಿಲ್ಲುತ್ತೇನೆ.

ಈತ ವೇಷ ಬದಲಿಸಿದ ಷರ್ಲಾಕ್ ಹೋಮ್ಸ್ ಅನ್ನುವುದನ್ನು ಸೀರಿಯಲ್ ಮಾಡಿದವರು ಮುಚ್ಚಿಟ್ಟಿಲ್ಲ. ಮನೆ ನಂಬರೂ ಹೋಮ್ಸ್‌ನದೇ, 221ಬಿ. ಗೆಳೆಯ ವಾಟ್ಸನ್ ಇಲ್ಲಿ ವಿಲ್ಸನ್. ಮಜಾ ಅಂದರೆ ಹೋಮ್ಸ್‌ನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಕೂಡ ಡಾಕ್ಟರೇ. ಎಡಿನ್‌ಬರೋದಲ್ಲಿ ಅವರಿಗೆ ಪಾಠ ಹೇಳಿದ ಸರ್ಜನ್ ಜೋಸೆಫ್ ಬೆಲ್ ಅವರೇ ಹೋಮ್ಸ್‌ಗೆ ಮಾದರಿ. ಬೆಲ್ ಒಬ್ಬ ಪೇಷೆಂಟನ್ನು ನೋಡುತ್ತಲೇ "ಸೈನ್ಯದಲ್ಲಿದ್ದೆ, ಬಿಟ್ಟು ಜಾಸ್ತಿ ದಿನ ಆಗಿಲ್ಲ, ಬಾರ್ಬಡೋಸ್‌ನಲ್ಲಿದ್ದೆ, ಅಲ್ವಾ?" ಅಂದರಂತೆ. ಆತ ಮರ್ಯಾದಸ್ಥ, ಆದರೂ ತಲೆಯ ಮೇಲಿನ ಟೋಪಿ ತೆಗೆದಿರಲಿಲ್ಲ. ಸೈನ್ಯದಲ್ಲಿ ತೆಗೆಯುವ ಪದ್ಧತಿಯಿಲ್ಲ. ಬಿಟ್ಟು ತುಂಬ ದಿನ ಆಗಿದ್ದರೆ ಊರಿನವರ ರೂಢಿ ಬಂದಿರುತ್ತಿತ್ತು. ಬಂದಿದ್ದು ಆನೆಕಾಲು ರೋಗ ಅಂತ, ಅದು ವೆಸ್ಟ್ ಇಂಡೀಸ್ ಕಡೆಯದು. ಹೀಗೆ ಹೋಗುತ್ತದೆ ಲೆಕ್ಕ. ಈ ಜಾಣತನಕ್ಕೆ ಸಿಡುಕು ಬೇಕೇ ಇಲ್ಲ. ಅದನ್ನು ಸೇರಿಸಿದ್ದು ಆಮೇಲಿನ ಕಥೆಗಾರರು.

ಯಾಕೆ ಸೇರಿಸಿದರು? ನನಗನ್ನಿಸುವುದು ಇಷ್ಟು. ಕಾಯಿಲೆ ಏನು ಅಂತ ಗೊತ್ತಾಗದೆ ಅಲೆದವರನ್ನು ಕೇಳಿ ನೋಡಿ. ಅವರಿಗೆ ಸಿಕ್ಕ ಡಾಕ್ಟರುಗಳಲ್ಲಿ ಮುಕ್ಕಾಲು ಪಾಲು ಜನ ಒಳ್ಳೆಯವರೇ. ನಗುತ್ತಾರೆ, ಇನ್ನೊಂದು ಟೆಸ್ಟ್ ಬರೆಯುತ್ತಾರೆ, "ನೋಡೋಣ, ಮುಂದಿನ ವಾರ ಬನ್ನಿ" ಅನ್ನುತ್ತಾರೆ. ಬಾಗಿಲು ದಾಟಿದ ಮೇಲೆ ಈ ಪೇಷೆಂಟು ಅವರ ತಲೆಯಲ್ಲಿ ಇರುವುದಿಲ್ಲ. ಅದು ಪೇಷೆಂಟಿಗೂ ಗೊತ್ತಾಗುತ್ತದೆ. ಹೌಸ್ ಹಾಗಲ್ಲ. ಪೇಷೆಂಟಿನ ಮುಖ ನೋಡುವುದಕ್ಕೂ ಇಷ್ಟವಿಲ್ಲದವನು, ಆದರೆ ನಡುರಾತ್ರಿಯಲ್ಲೂ ಬೋರ್ಡಿನ ಮುಂದೆ ನಿಂತು ಅವರ ಕಾಯಿಲೆಯನ್ನೇ ಜಗಿಯುತ್ತಿರುತ್ತಾನೆ. ಜನಕ್ಕೆ ಬೇಕಾಗಿರುವುದು ಅವನ ಸಿಟ್ಟಲ್ಲ, ಪಟ್ಟು. ಸೀರಿಯಲ್ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತದೆ. ನಾವು ಒಂದಿಲ್ಲದೆ ಇನ್ನೊಂದು ಸಿಗಲ್ಲ ಅಂದುಕೊಳ್ಳುತ್ತೇವೆ.

ಇನ್ನೊಂದು ಕಾರಣವೂ ಇದೆ. ನಮಗೆ ಬೆಣ್ಣೆ ಹಚ್ಚದವನ ಮೇಲೆ ನಂಬಿಕೆ ಜಾಸ್ತಿ. ನನ್ನನ್ನು ಮೆಚ್ಚಿಸಿ ಇವನಿಗೆ ಆಗಬೇಕಾದ್ದು ಏನೂ ಇಲ್ಲ, ಹಾಗಾಗಿ ಹೇಳುವುದು ನಿಜವೇ ಇರಬೇಕು ಅಂತ. ಪೂರ್ತಿ ತಪ್ಪು ಲೆಕ್ಕವಲ್ಲ ಅದು.

ಸಿಡುಕು ಯಾರ ಮೇಲೆ ಅನ್ನುವುದನ್ನೂ ಸ್ವಲ್ಪ ಗಮನಿಸಿ. ಜಪಾನಿನಲ್ಲಿ 2012ರಲ್ಲಿ ಶುರುವಾದ ಡಾಕ್ಟರ್ ಎಕ್ಸ್ ಅನ್ನುವ ಸೀರಿಯಲ್ ಇದೆ. ಅದರ ಸರ್ಜನ್ ಡೈಮನ್ ಮಿಚಿಕೊ ಯಾವ ಆಸ್ಪತ್ರೆಯ ನೌಕರಳೂ ಅಲ್ಲ, ಕರೆದಲ್ಲಿಗೆ ಹೋಗಿ ಆಪರೇಷನ್ ಮಾಡಿ ಬರುವವಳು. ಪ್ರೊಫೆಸರ ಹಿಂದೆ ಕೈಕಟ್ಟಿ ರೌಂಡ್ಸ್‌ಗೆ ಬಾ ಅಂದರೆ, ಮಾಡಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ. ಅವಳ ಸಿಟ್ಟು ಮೇಲಿನವರ ಮೇಲೆ. ನೋಡುವವರಿಗೆ ಅದು ಹಬ್ಬ. ಆಫೀಸಿನಲ್ಲಿ ತಾವು ನುಂಗಿಕೊಂಡ ಮಾತುಗಳನ್ನೆಲ್ಲ ಇವಳು ಆಡುತ್ತಾಳೆ. ನಾನು ಇಷ್ಟು ವರ್ಷ ಕಂಡ ಸಿಡುಕು ಡಾಕ್ಟರುಗಳ ಸಿಟ್ಟಿಗೆ ಮಾತ್ರ ಇಳಿಜಾರು ಚೆನ್ನಾಗಿ ಗೊತ್ತು. ಡೀನ್ ಮುಂದೆ ಮೆತ್ತಗೆ, ಇನ್ನೂ ಕಲಿಯುತ್ತಿರುವ ಜೂನಿಯರ್ ಡಾಕ್ಟರ ಮೇಲೆ ಗುಡುಗು. ಸಿಸ್ಟರ್‌ಗಳ ಪಾಡಂತೂ ಕೇಳಲೇಬೇಡಿ.

ಈಗ ಹೌಸ್ ಸೀರಿಯಲ್‌ನ ಮೊದಲ ಎಪಿಸೋಡಿಗೆ ಬನ್ನಿ. ಇಡೀ ಗುಟ್ಟು ಅಲ್ಲೇ ಇದೆ. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರ್ ಒಬ್ಬಳು ತರಗತಿಯಲ್ಲೇ ಮಾತು ತಡವರಿಸಿ ಬೀಳುತ್ತಾಳೆ. ಈಕೆ ತನ್ನ ಕಸಿನ್ ಅಂತ ವಿಲ್ಸನ್ ಸುಳ್ಳು ಹೇಳಿ ಕೇಸು ಹೌಸ್ ಕೈಗೆ ದಾಟಿಸುತ್ತಾನೆ. ಹೌಸ್ ಅವಳ ಹತ್ತಿರ ಹೋಗುವುದೇ ಇಲ್ಲ. ಎಲ್ಲರೂ ಸುಳ್ಳು ಹೇಳುತ್ತಾರೆ, ಕೇಳಿ ಏನು ಪ್ರಯೋಜನ ಅನ್ನುವುದು ಅವನ ವಾದ. ಬದಲಿಗೆ ಇಬ್ಬರು ಜೂನಿಯರ್‌ಗಳು ಕಳ್ಳರ ಹಾಗೆ ಅವಳ ಮನೆಗೆ ನುಗ್ಗುತ್ತಾರೆ. ಅವಳ ಅಡುಗೆಮನೆಯಲ್ಲಿ ಹಂದಿಮಾಂಸ ಇತ್ತು ಅನ್ನುವುದು ಮಾತಿನ ನಡುವೆ ಹೊರಬೀಳುತ್ತದೆ. ಅಲ್ಲಿಂದ ಹೌಸ್‌ಗೆ ಹೊಳೆಯುತ್ತದೆ: ಲಾಡಿಹುಳು. ಅದರ ಮರಿ ಮಿದುಳಿನಲ್ಲಿ ಕೂತಿದೆ. (ಇದು ಹಂದಿಮಾಂಸ ಮುಟ್ಟದವರಿಗೂ ಬರುತ್ತದೆ. ಹುಳುವಿನ ಮೊಟ್ಟೆ ಬಿದ್ದ ನೀರು ಅಥವಾ ಸರಿಯಾಗಿ ತೊಳೆಯದ ತರಕಾರಿ ಸಾಕು. ಸೀರಿಯಲ್ ನೋಡಿ ಯಾರೂ ನಿಶ್ಚಿಂತರಾಗಬೇಡಿ.)

ಆದರೆ ಅಷ್ಟು ಹೊತ್ತಿಗೆ ಪೇಷೆಂಟು ಬೇಸತ್ತು ಹೋಗಿರುತ್ತಾಳೆ. ಸುಮ್ನೆ ಊಹೆ ಮೇಲೆ ಇನ್ನೊಂದು ಔಷಧಿ ಬೇಡ, ಸಾಯಲು ಬಿಡಿ ಅನ್ನುತ್ತಾಳೆ. ಕೊನೆಗೂ ಹೌಸ್ ಅವಳ ಮಂಚದ ಹತ್ತಿರ ಹೋಗಬೇಕಾಗುತ್ತದೆ. ಅವನ ವಾದಕ್ಕೂ ಅವಳು ಬಗ್ಗುವುದಿಲ್ಲ. ದಾರಿ ತೋರಿಸುವುದು ಜೂನಿಯರ್ ಚೇಸ್. ಈ ಹುಳುವಿಗೆ ತೊಡೆಯ ಮಾಂಸಖಂಡ ಅಂದರೆ ಇಷ್ಟ, ಕಾಲಿನ ಎಕ್ಸ್‌ರೇ ತೆಗೆಯೋಣ ಅನ್ನುತ್ತಾನೆ. ಮಾಮೂಲಿ ಎಕ್ಸ್‌ರೇ. ಚಿತ್ರ ನೋಡಿದ ಮೇಲೆ ಅವಳು ಒಪ್ಪುತ್ತಾಳೆ.

ಇದನ್ನು ಎರಡನೇ ಸಲ ನೋಡುವಾಗ ನನಗೆ ನಗು ಬಂತು. ಮಂಚದ ಪಕ್ಕ ಕೂತು ಊಟ ತಿಂಡಿ ವಿಚಾರಿಸಿದ್ದರೆ ಗೊತ್ತಾಗಬಹುದಿದ್ದ ವಿಷಯಕ್ಕೆ ಮನೆಗೆ ಕನ್ನ ಹಾಕಬೇಕಾಯಿತು. ಮುಂದಿನ ಎಪಿಸೋಡ್‌ಗಳಲ್ಲೂ ಬೀಗ ಮುರಿಯುವುದು ನಡೆಯುತ್ತಲೇ ಇರುತ್ತದೆ. ಸಿಡುಕು ಡಾಕ್ಟರಿಗೆ ಯಾರೂ ನಿಜ ಹೇಳುವುದಿಲ್ಲ ಅನ್ನುವುದು ಸೀರಿಯಲ್ ಬರೆದವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಕೈಗೆ ಕಳ್ಳರನ್ನು ಕೊಟ್ಟಿದ್ದಾರೆ. ನಮಗೆ ಆ ಅನುಕೂಲ ಇಲ್ಲ.

ಸುಳ್ಳು ಹೇಳುವುದು ಪೇಷೆಂಟುಗಳಷ್ಟೇ ಅಲ್ಲ, ಜೊತೆಯಲ್ಲಿ ಕೆಲಸ ಮಾಡುವವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ಇಸ್ರೇಲಿನಲ್ಲಿ ಒಂದು ಪ್ರಯೋಗ ಮಾಡಿದರು, 2015ರಲ್ಲಿ ಪ್ರಕಟವಾಯಿತು. ನವಜಾತ ಶಿಶುಗಳ ಐಸಿಯುನಲ್ಲಿ ಕೆಲಸ ಮಾಡುವ ಡಾಕ್ಟರು ಮತ್ತು ನರ್ಸುಗಳ 24 ತಂಡಗಳು. ಎದುರಿಗೆ ಗೊಂಬೆ. ಅವಧಿಗೆ ಮೊದಲೇ ಹುಟ್ಟಿದ ಮಗುವಿಗೆ ಕರುಳಿನ ತೊಂದರೆ ಅನ್ನುವ ಕಲ್ಪಿತ ಕೇಸು. ವಿದೇಶದ ತಜ್ಞ ಅಂತ ಪರಿಚಯಿಸಿದವನೊಬ್ಬ ಕೆಲವು ತಂಡಗಳಿಗೆ ಕೀಳಾಗಿ ಕಾಣುವ ಒಂದೆರಡು ಮಾತು ಹೇಳಿದ, ಉಳಿದವರಿಗೆ ಮಾಮೂಲಿ ಮಾತು. ಬಯ್ಗುಳ ಕೂಡ ಅಲ್ಲ, ಸಣ್ಣ ಅವಮಾನ. ಅದನ್ನು ಕೇಳಿಸಿಕೊಂಡ ತಂಡಗಳು ಕಾಯಿಲೆ ಗುರುತಿಸುವುದರಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳುವುದು, ಸಹಾಯ ಕೇಳುವುದು ಕಡಿಮೆಯಾಗಿತ್ತು. ದಿನಾ ಎದುರು ನಿಲ್ಲಬೇಕಾದ ಬಾಸ್ ಬೈದರೆ ಏನಾದೀತು, ನೀವೇ ಲೆಕ್ಕ ಹಾಕಿ.

ಹಾಗಂತ ಈ ಸೀರಿಯಲ್‌ಗಳಿಂದ ಉಪಯೋಗವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಯೂರ್ಗೆನ್ ಶೇಫರ್ ಹೌಸ್ ಎಪಿಸೋಡ್‌ಗಳನ್ನು ಇಟ್ಟುಕೊಂಡೇ ವಿದ್ಯಾರ್ಥಿಗಳಿಗೆ ಪಾಠ ಮಾಡುತ್ತಿದ್ದರು. 2012ರಲ್ಲಿ ಅವರ ಹತ್ತಿರ 55 ವರ್ಷದ ಒಬ್ಬರು ಬಂದರು. ಹೃದಯ ಸೋತಿದೆ, ಕಣ್ಣು ಮಂಜು, ಕಿವಿ ಕೇಳಿಸದು, ಜ್ವರ, ಥೈರಾಯ್ಡ್ ಕೂಡ ಕೆಟ್ಟಿದೆ. ಸೊಂಟದ ಕೀಲು ಬದಲಿಸಿದ್ದರು, ಅದು ಲೋಹದ್ದು. ಹಿಂದಿನ ಪಿಂಗಾಣಿಯ ಕೀಲು ಒಡೆದು, ಅದರ ಚೂರುಗಳು ಹೊಸ ಲೋಹವನ್ನು ಉಜ್ಜಿ ಸವೆಸುತ್ತಿದ್ದವು. ರಕ್ತಕ್ಕೆ ಕೋಬಾಲ್ಟ್ ಸೇರುತ್ತಿತ್ತು. ಇಂಥದ್ದೇ ಕೇಸು ಹೌಸ್‌ನ 7ನೇ ಸೀಸನ್‌ನಲ್ಲಿ ಬಂದಿತ್ತು, ಶೇಫರ್ ಅದನ್ನು ಪಾಠದಲ್ಲಿ ಬಳಸಿದ್ದರು. ಕೀಲು ಬದಲಿಸಿದ ಮೇಲೆ ಹೃದಯ ಚೇತರಿಸಿತು. 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ವರದಿ ಬಂತು. ಓದಿದ ದಿನ ಅದನ್ನು ಹೆಂಡತಿಗೆ ತೋರಿಸಿದ್ದೆ, ನನ್ನ ಚಟಕ್ಕೆ ಒಂದು ಸಮರ್ಥನೆ ಸಿಕ್ಕಿತಲ್ಲ ಅಂತ. ಶೇಫರ್ ಹೌಸ್‌ನಿಂದ ತಗೊಂಡಿದ್ದು ಪಟ್ಟನ್ನು. ಸಿಟ್ಟನ್ನು ಟಿವಿಯಲ್ಲೇ ಬಿಟ್ಟರು ಅಂದುಕೊಳ್ಳುತ್ತೇನೆ.

ನಾನು ಬಿಟ್ಟಿರಲಿಲ್ಲ. ಸ್ಪೆಷಲಿಸ್ಟ್ ಆದ ಹೊಸತು, ಹೌಸ್ ನೋಡುವ ಹುಚ್ಚು ಹತ್ತಿದ್ದ ಕಾಲ. ವಾರ್ಡಿಗೆ ಒಬ್ಬ ಯಜಮಾನರು ಬಂದರು, ಎಪ್ಪತ್ತರ ಹತ್ತಿರ. ಕಾಲು ಊದಿತ್ತು. ಕ್ರಿಯಾಟಿನಿನ್ 3.8, ಅಂದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಬಿ.ಪಿ. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದ್ದರು. ಮೊದಲ ದಿನವೇ ಇಡೀ ವಾರ್ಡಿಗೆ ಕೇಳುವ ಹಾಗೆ ಬೈದೆ. ಅವರು ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತಾ ತಲೆ ತಗ್ಗಿಸಿ ಕೂತಿದ್ದರು.

"ಬೇರೆ ಯಾವುದಾದ್ರೂ ಮಾತ್ರೆ ತಗೋತಿದ್ರಾ?"

"ಇಲ್ಲ ಸಾರ್."

ಮೂರು ದಿನ ರೌಂಡ್ಸ್‌ನಲ್ಲಿ ಇದೇ ಪ್ರಶ್ನೆ, ಇದೇ ಉತ್ತರ. ಸ್ಕ್ಯಾನ್ ಆಯಿತು. ಅಪರೂಪದ ಕಾಯಿಲೆಗಳ ಹೆಸರೆಲ್ಲ ಬರೆದು ರಕ್ತ ಕಳಿಸಿದೆ. ಕಿಡ್ನಿಗೆ ಸೂಜಿ ಹಾಕಿ ಬಯಾಪ್ಸಿ ಮಾಡಲು ದಿನವನ್ನೂ ಗೊತ್ತು ಮಾಡಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಿತ್ತು, ಹೌಸ್‌ಗೆ ಸಿಗುವಂಥ ಕೇಸು ಸಿಕ್ಕಿತು ಅಂತ.

ನಾಲ್ಕನೇ ದಿನ ಬಾಗಿಲ ಹತ್ತಿರ ಸಿಸ್ಟರ್ ತಡೆದರು. "ಸಾರ್, ಯಜಮಾನ್ರು ಮೊಣಕಾಲು ನೋವಿಗೆ ಮಾತ್ರೆ ನುಂಗ್ತಾರೆ. ದಿನಕ್ಕೆ ಮೂರು. ತುಂಬಾ ತಿಂಗಳಿಂದ. ಇಲ್ಲಿಗೆ ಬಂದ ಮೇಲೂ ರಾತ್ರಿ ತಗೋತಿದ್ದಾರೆ." ನೋವಿನ ಮಾತ್ರೆ ಕಿಡ್ನಿ ಕೆಡಿಸುತ್ತದೆ ಅಂತ ಎರಡನೇ ವರ್ಷದ ವಿದ್ಯಾರ್ಥಿಗೂ ಗೊತ್ತು. "ನನಗ್ಯಾಕೆ ಹೇಳಲಿಲ್ಲ ಅವರು?" ಅಂದೆ. "ಬಯ್ತೀರಾ ಅಂತ ಭಯ ಅಂತೆ." ನಿಮಗೆ ಯಾವಾಗ ಗೊತ್ತಾಯಿತು ಅಂತ ಕೇಳಿದೆ. ಅವರು ಒಂದು ಕ್ಷಣ ಕೇಸ್ ಶೀಟ್ ನೋಡಿದರು. "ಮೊನ್ನೆ ಬೆಡ್‌ಶೀಟ್ ಬದಲಾಯಿಸುವಾಗ ಸಾರ್."

ಬಯಾಪ್ಸಿ ರದ್ದು ಮಾಡಿದೆ. ರೌಂಡ್ಸ್ ಮುಗಿಸಿ ಒಬ್ಬನೇ ವಾಪಸ್ ಬಂದು, ಮೂಲೆಯಲ್ಲಿದ್ದ ಸ್ಟೂಲ್ ಎಳೆದು ಮಂಚದ ಪಕ್ಕ ಕೂತೆ. ಏನು ಮಾತಾಡುವುದು ಅಂತ ಗೊತ್ತಾಗಲಿಲ್ಲ. ಮೊಣಕಾಲು ಯಾವ ಹೊತ್ತಲ್ಲಿ ಜಾಸ್ತಿ ನೋಯುತ್ತದೆ ಅಂತ ಕೇಳಿದೆ. ಬೆಳಗ್ಗೆ ಏಳುವಾಗ ಅಂದರು. ಆಮೇಲೆ ಮೆಟ್ಟಿಲ ಕಥೆ, ತೀರಿಹೋದ ಹೆಂಡತಿಯ ಕಥೆ, ಬಿ.ಪಿ. ಮಾತ್ರೆ ತಗೊಂಡರೆ ತಲೆ ಸುತ್ತುತ್ತದೆ ಅನ್ನುವ ಕಥೆ. ಎರಡು ನಿಮಿಷ ಆಗಿರಬಹುದು, ಜಾಸ್ತಿಯೇನಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಪೇಷೆಂಟುಗಳನ್ನು ತಡೆಯದೆ ಮಾತಾಡಲು ಬಿಟ್ಟು ಗಡಿಯಾರ ಹಿಡಿದು ನೋಡಿದ್ದರು, ಸರಾಸರಿ 92 ಸೆಕೆಂಡಿಗೆ ಅವರ ಮಾತು ಮುಗಿದಿತ್ತು. ಅದನ್ನು ನಾನು ಓದಿದ್ದೆ. ಓದಿಯೂ ಮೂರು ದಿನ ನಿಂತುಕೊಂಡೇ ಪ್ರಶ್ನೆ ಕೇಳಿದ್ದೆ.

ಅವರು ದಿಂಬಿನ ಕೆಳಗೆ ಕೈ ಹಾಕಿ ಮಾತ್ರೆಯ ಪಟ್ಟಿ ತೆಗೆದು ಕೊಟ್ಟರು. ಅರ್ಧ ಖಾಲಿಯಾಗಿತ್ತು. ತಿರುಗಿಸಿ ಹೆಸರು ಓದಿ ಜೇಬಿಗೆ ಹಾಕಿಕೊಂಡೆ, ಏಳಲು ಹೊರಟೆ.

"ಬಯ್ಯಲ್ಲ ತಾನೆ ಸಾರ್?" ಅಂದರು.

"ಇಲ್ಲ."

ಮತ್ತೆ ದಿಂಬಿನ ಕೆಳಗೆ ಕೈ ಹಾಕಿ ಇನ್ನೊಂದು ಪಟ್ಟಿ ತೆಗೆದರು.