ನಿವೃತ್ತರು ದುಡಿದರೆ ಪಿಂಚಣಿ ಕಳೆಯುವ ಲೆಕ್ಕ ಎಲ್ಲಿಂದ ಬಂತು?

ನವೆಂಬರ್ ಬಂತೆಂದರೆ ಮಲ್ಲೇಶ್ವರ, ಜಯನಗರ, ರಾಜಾಜಿನಗರದ ಬ್ಯಾಂಕುಗಳಲ್ಲಿ ಪಿಂಚಣಿದಾರರ ಸಾಲು ಕಾಣುತ್ತದೆ. ಜೀವಂತವಾಗಿದ್ದೇವೆ ಎಂದು ಪ್ರಮಾಣಪತ್ರ ಕೊಡುವ ತಿಂಗಳು ಅದು. 2014ರಲ್ಲಿ ಜೀವನ್ ಪ್ರಮಾಣ್ ಬಂದ ಮೇಲೆ ಬೆರಳಚ್ಚು ಒತ್ತಿಯೂ ಈ ಕೆಲಸ ಮುಗಿಸಬಹುದು. ಇದರ ಜೊತೆಗೆ ಇನ್ನೊಂದು ಚಿಕ್ಕ ಘೋಷಣೆ ಇರುತ್ತದೆ. ಸರ್ಕಾರಿ ಕೆಲಸಕ್ಕೆ ಮತ್ತೆ ಸೇರಿಲ್ಲ ಎಂದು ಬರೆದುಕೊಡುವ ಸಾಲು. ತುಂಬಾ ಜನ ಅದನ್ನು ಸರಿಯಾಗಿ ಓದದೇ ಸಹಿ ಹಾಕುತ್ತಾರೆ. ಆದರೆ ಆ ಸಾಲಿನ ಬೇರು ಬ್ರಿಟಿಷರ ಕಾಲದಲ್ಲಿದೆ.

ಬೆಂಗಳೂರಿಗೆ ನಿವೃತ್ತರ ಸ್ವರ್ಗ ಎಂಬ ಹೆಸರಿತ್ತು ನಿಜ. ಹಾಗಂತ ಇಲ್ಲಿನ ನಿವೃತ್ತರು ಸುಮ್ನೆ ಕೂತವರಲ್ಲ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ನೌಕರಿಯಿಂದ ನಿವೃತ್ತಿ ತೆಗೆದುಕೊಂಡದ್ದು 1908ರಲ್ಲಿ. ಮರುವರ್ಷ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದು ಅವರ ಆ ನಿವೃತ್ತಿಯ ನಂತರ! ಈಗಲೂ ಅಷ್ಟೇ. ಕಚೇರಿ ಬಿಟ್ಟ ಲೆಕ್ಕಾಧಿಕಾರಿ ಅಪಾರ್ಟ್‌ಮೆಂಟ್ ಸಂಘದ ಲೆಕ್ಕ ನೋಡುತ್ತಾರೆ, ಮೇಷ್ಟ್ರು ಟ್ಯೂಷನ್ ಹೇಳುತ್ತಾರೆ, ಕಾರ್ಖಾನೆ ಬಿಟ್ಟವರು ಸೆಕ್ಯೂರಿಟಿ ಕೆಲಸಕ್ಕೆ ಸೇರುತ್ತಾರೆ.

ಖಾಸಗಿ ಕಡೆ ಎಷ್ಟು ದುಡಿದರೂ ಸರ್ಕಾರಿ ನೌಕರರ ಪಿಂಚಣಿಗೆ ಕತ್ತರಿ ಬೀಳುವುದಿಲ್ಲ. ಕೇಂದ್ರದ ಗ್ರೂಪ್ ಎ ಅಧಿಕಾರಿಗಳು ಮಾತ್ರ ಮೊದಲ ಒಂದು ವರ್ಷ ಇಂಥ ಕೆಲಸಕ್ಕೆ ಅನುಮತಿ ಪಡೆಯಬೇಕು. ಹಿಂದೆ ಆ ಅವಧಿ ಎರಡು ವರ್ಷ ಇತ್ತು. ತೊಡಕು ಶುರುವಾಗುವುದು ಮತ್ತೆ ಸರ್ಕಾರಕ್ಕೇ ದುಡಿದಾಗ.

ಬ್ರಿಟಿಷರ ಕಣ್ಣಿನಲ್ಲಿ ಪಿಂಚಣಿ ಎಂದರೆ ಸರ್ಕಾರ ಮನಸ್ಸು ಮಾಡಿ ಕೊಡುವ ಕೃಪೆ. 1871ರ ಪಿಂಚಣಿ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು: ಸಾಲ ಕೊಟ್ಟವರು ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ. ಅದೇ ಕಾಯ್ದೆ ಇನ್ನೊಂದು ಕಡೆ, ಪಿಂಚಣಿ ವಿಷಯಕ್ಕೆ ಸುಮ್ಮನೆ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ ಎಂದೂ ಹೇಳಿತು. ಕೃಪೆಯಾಗಿ ಕೊಟ್ಟದ್ದನ್ನು ಕೇಳಿ ಪಡೆಯುವ ಹಕ್ಕು ಎಲ್ಲಿಂದ ಬರಬೇಕು? ಒಂದೇ ಖಜಾನೆಯಿಂದ ಒಬ್ಬರಿಗೆ ಎರಡು ಕಡೆ ಹಣ ಹೋಗಬಾರದು ಎಂಬ ಯೋಚನೆಗೂ ಈ ನಂಬಿಕೆಯೇ ಬಲ ಕೊಟ್ಟಿತು ಅಂತ ನನಗೆ ಅನಿಸುತ್ತದೆ.

ಆ ಯೋಚನೆ ಇವತ್ತಿಗೂ ಗಟ್ಟಿಯಾಗಿದೆ. ಕೇಂದ್ರ ಹಣಕಾಸು ಸಚಿವಾಲಯ 2020ರ ಡಿಸೆಂಬರ್‌ನಲ್ಲಿ ಹೊರಡಿಸಿದ ಆದೇಶ ನೋಡಿ. ನಿವೃತ್ತರನ್ನು ಗುತ್ತಿಗೆ ಮೇಲೆ ತೆಗೆದುಕೊಂಡರೆ ಕೊನೆಯ ಮೂಲ ವೇತನದಲ್ಲಿ ಮೂಲ ಪಿಂಚಣಿ ಕಳೆದು ಉಳಿದದ್ದು ಸಂಬಳ. ಇನ್‌ಕ್ರಿಮೆಂಟ್ ಇಲ್ಲ, ತುಟ್ಟಿಭತ್ಯೆಯೂ ಇಲ್ಲ. ಕೊನೆಯ ಮೂಲ ವೇತನ 80,000 ರೂಪಾಯಿ, ಪಿಂಚಣಿ ಅದರ ಅರ್ಧ 40,000 ಎಂದುಕೊಳ್ಳಿ. ಹೊಸ ಸಂಬಳ 40,000. ಅವರು ಪಿಂಚಣಿಯಲ್ಲಿ ಶೇ 40ರಷ್ಟನ್ನು ಕಮ್ಯುಟೇಶನ್ ಮಾಡಿಸಿ ಮೊದಲೇ ಇಡುಗಂಟಾಗಿ ಪಡೆದಿದ್ದರೆ ತಿಂಗಳಿಗೆ ಕೈಗೆ ಬರುವ ಮೂಲ ಪಿಂಚಣಿ 24,000 ಮಾತ್ರ. ಆದರೂ ಕಳೆಯುವುದು ಪೂರ್ತಿ 40,000. ಇಡುಗಂಟು ಆಗಲೇ ಕೊಟ್ಟಾಗಿದೆಯಲ್ಲ ಎಂಬುದು ಸರ್ಕಾರದ ವಾದ. ಅಷ್ಟರ ಮಟ್ಟಿಗೆ ಅದು ಸರಿ ಕೂಡ. ಆದರೆ ಅದೇ ಕುರ್ಚಿಯಲ್ಲಿ ಪೂರ್ತಿ ದಿನ ದುಡಿಯುವವರಿಗೆ ಅರ್ಧ ಸಂಬಳ ಎಂಬುದು ಸರಿ ಅನಿಸುವುದಿಲ್ಲ.

ಯಾಕೆಂದರೆ ಕಾನೂನಿನ ನೋಟವೇ ಬದಲಾಗಿ ಎಷ್ಟೋ ವರ್ಷವಾಯಿತು. ಪಿಂಚಣಿ ಕೃಪೆಯಲ್ಲ, ನೌಕರರ ಹಕ್ಕು ಎಂದು 1971ರಲ್ಲಿ ದೇವಕಿನಂದನ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1982ರ ಡಿಸೆಂಬರ್ 17ರಂದು ಡಿ.ಎಸ್. ನಕಾರಾ ಪ್ರಕರಣದಲ್ಲಿ ಅದನ್ನು ಇನ್ನೂ ಬಿಡಿಸಿ ಹೇಳಿತು: ಪಿಂಚಣಿ ಎಂದರೆ ಹಿಂದೆ ದುಡಿದದ್ದಕ್ಕೆ ಸಿಗುವ ಹಣ. ಆ ದಿನವನ್ನೇ ಈಗ ಪಿಂಚಣಿದಾರರ ದಿನ ಎಂದು ಆಚರಿಸುತ್ತಾರೆ. ಹಳೆಯ ದುಡಿಮೆಯ ಹಣವನ್ನು ಹೊಸ ದುಡಿಮೆಯ ಸಂಬಳದಿಂದ ಯಾಕೆ ಕಳೆಯಬೇಕು ಎಂಬ ಪ್ರಶ್ನೆ ಅಲ್ಲೇ ಹುಟ್ಟುತ್ತದೆ, ಅಲ್ವಾ?

ಎಲ್ಲ ತೀರ್ಪೂ ನಿವೃತ್ತರ ಪರವಾಗಿ ಬರಲಿಲ್ಲ. ಮತ್ತೆ ಕೆಲಸಕ್ಕೆ ಸೇರಿದವರಿಗೆ ಪಿಂಚಣಿ ಮೇಲಿನ ತುಟ್ಟಿ ಪರಿಹಾರ ನಿಲ್ಲಿಸುವುದು ಸರಿ ಎಂದು 1994ರ ವಾಸುದೇವನ್ ಪಿಳ್ಳೈ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಗಂಡ ತೀರಿಹೋಗಿ ಕುಟುಂಬ ಪಿಂಚಣಿ ಪಡೆಯುತ್ತಾ ತಾವೂ ನೌಕರಿ ಮಾಡುತ್ತಿದ್ದ ಹೆಣ್ಣುಮಕ್ಕಳಿಗೂ ಅದೇ ಪೆಟ್ಟು ಬಿತ್ತು. ಐದನೇ ವೇತನ ಆಯೋಗದ ನಂತರ ಕೇಂದ್ರ ಇದನ್ನು ಸಡಿಲಿಸಿತು. ಕುಟುಂಬ ಪಿಂಚಣಿದಾರರಿಗೆ 1997ರ ಜುಲೈ 18ರಿಂದ ಪರಿಹಾರ ಮತ್ತೆ ಸಿಕ್ಕಿತು. ಸೈನಿಕರ ಲೆಕ್ಕ ಮೊದಲಿನಿಂದಲೂ ಸ್ವಲ್ಪ ಬೇರೆ. ಅವರು ಚಿಕ್ಕ ವಯಸ್ಸಿಗೇ ನಿವೃತ್ತರಾಗುತ್ತಾರೆ, ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಹಾಗಾಗಿ 55ಕ್ಕೆ ಮೊದಲೇ ಹೊರಬಂದ ಜವಾನರು ಮತ್ತೆ ಸರ್ಕಾರಿ ಕೆಲಸಕ್ಕೆ ಸೇರಿದರೆ ಸಂಬಳ ನಿಗದಿ ಮಾಡುವಾಗ ಅವರ ಪಿಂಚಣಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂದರೆ ಕಳೆಯದೇ ಇರುವುದು ಸರ್ಕಾರಕ್ಕೆ ಸಾಧ್ಯವಿದೆ.

ಬೆಂಗಳೂರಿನ ಕಾರ್ಖಾನೆ ನೌಕರರಿಗೆ ಗೊತ್ತಿರುವ ಪಿಂಚಣಿ ಇನ್ನೊಂದು. 1995ರ ನವೆಂಬರ್ 16ರಂದು ಶುರುವಾದ ಪಿಎಫ್ ಪಿಂಚಣಿ, ಜನ ಇಪಿಎಸ್ ಅನ್ನುತ್ತಾರೆ. ಅದಕ್ಕೆ ವಯಸ್ಸು 58. ಆದರೆ ಎಚ್‌ಎಎಲ್, ಬಿಇಎಲ್‌ನಂಥ ಕಡೆ ನಿವೃತ್ತಿ 60ಕ್ಕೆ. ಹಾಗಾಗಿ 58 ತುಂಬಿದಾಗ 10ಡಿ ಫಾರ್ಮ್ ಕೊಟ್ಟರೆ ಸಂಬಳದ ಜೊತೆಗೇ ಪಿಂಚಣಿಯೂ ಬರುತ್ತದೆ. ಇಲ್ಲಿ ಯಾರೂ ಏನನ್ನೂ ಕಳೆಯುವುದಿಲ್ಲ. ಕಂಪನಿಯ ಪಾಲಿನಿಂದ ಪಿಂಚಣಿಗೆ ಹೋಗುತ್ತಿದ್ದ ಹಣವೂ ಆಮೇಲೆ ಪಿಎಫ್ ಖಾತೆಗೇ ಬೀಳುತ್ತದೆ. ಬೇಡ ಎನಿಸಿದರೆ 60ರವರೆಗೆ ಪಿಂಚಣಿಯನ್ನು ಮುಂದೂಡಿ ವರ್ಷಕ್ಕೆ ಶೇ 4ರಷ್ಟು ಜಾಸ್ತಿ ಪಡೆಯಬಹುದು. ನಿಯಮ ಉದಾರವೇ, ಮೊತ್ತ ಮಾತ್ರ ಸಣ್ಣದು. 2014ರಿಂದ ಕನಿಷ್ಠ ಪಿಂಚಣಿ 1,000 ರೂಪಾಯಿ. ಇದನ್ನು ನಂಬಿ ಈ ಊರಿನಲ್ಲಿ ಬಾಡಿಗೆ ಕಟ್ಟಲು ಆಗುತ್ತದೆಯೇ? ಅದಕ್ಕೇ ಎಷ್ಟೋ ಜನ ರಾತ್ರಿ ಪಾಳಿಯ ಕಾವಲಿಗೆ ಹೋಗುತ್ತಾರೆ.

ಎಲ್ಲಕ್ಕಿಂತ ಬಿಗಿಯಾದ ನಿಯಮ ಇರುವುದು ಎಲ್ಲಕ್ಕಿಂತ ಬಡವರಿಗೆ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ ತಿಂಗಳಿಗೆ 400 ರೂಪಾಯಿಯಿಂದ ಶುರುವಾಗಿ 2021ರಲ್ಲಿ 1,200ಕ್ಕೆ ಬಂತು. 65 ದಾಟಿರಬೇಕು, ವರ್ಷದ ಆದಾಯ 32,000 ರೂಪಾಯಿ ಮೀರಿರಬಾರದು. ಅಂದರೆ ತಿಂಗಳಿಗೆ 2,700ಕ್ಕಿಂತ ಕಡಿಮೆ. ಹೂ ಕಟ್ಟುವ ಅಜ್ಜಿ ಗಾಂಧಿ ಬಜಾರಿನಲ್ಲಿ ದಿನಕ್ಕೆ 100 ರೂಪಾಯಿ ದುಡಿದರೂ ಈ ಮಿತಿ ದಾಟಿಬಿಡುತ್ತಾರೆ. ಅಧಿಕಾರಿ ಮತ್ತೆ ದುಡಿದರೆ ಹೊಸ ಸಂಬಳ ಕಡಿಮೆಯಾಗುತ್ತದೆ, ಪಿಂಚಣಿ ಉಳಿಯುತ್ತದೆ. ಈ ಅಜ್ಜಿ ದುಡಿದದ್ದನ್ನು ನಿಜ ಹೇಳಿದರೆ ಪಿಂಚಣಿಯೇ ಹೋಗುತ್ತದೆ. ವೇತನ ಆಯೋಗಗಳು ಬಂದಾಗಲೆಲ್ಲ ಮೇಲಿನವರ ಲೆಕ್ಕ ಸರಿಯಾಗುತ್ತದೆ. ಈ 32,000ದ ಗೆರೆಯನ್ನೂ ಕನಿಷ್ಠ ಕೂಲಿಗೆ ಜೋಡಿಸಬೇಕು, ಕೂಲಿ ಏರಿದಾಗ ಅದೂ ತಾನಾಗಿ ಏರುವಂತೆ.